ರಸ್ತೆ ಮುಚ್ಚದೆ ರಸ್ತೆ ಕಟ್ಟುವುದು: ತುಂಬಿದ ನಗರದ ನಡುವೆ ಇಂಟರ್‌ಚೇಂಜ್

ಇಂಟರ್‌ಚೇಂಜ್ ಎಂದರೆ ರಸ್ತೆಗಳು ಒಂದರ ಮೇಲೊಂದು ಹಾದು, ಏರಿಳಿಯುವ ಕೂಡುದಾರಿಗಳಿಂದ, ಅಂದರೆ ರ್ಯಾಂಪುಗಳಿಂದ, ಬೆಸೆದಿರುವ ಜಂಕ್ಷನ್. ಅದರ ಕಾಮಗಾರಿಗೆ ಮುಂಚೆ ಜನರಿಗೆ ತೋರಿಸುವ ಚಿತ್ರ ಯಾವಾಗಲೂ ಆಕಾಶದಿಂದ ಕಂಡದ್ದು. ಹಸಿರು ಹುಲ್ಲಿನ ಮೇಲೆ ಬೆಳ್ಳಗಿನ ರ್ಯಾಂಪುಗಳು ರಿಬ್ಬನ್ನಿನಂತೆ ಸುತ್ತಿಕೊಂಡಿರುತ್ತವೆ, ವಾಹನಗಳು ಅಲ್ಲೊಂದು ಇಲ್ಲೊಂದು. ಕಟ್ಟುವವರ ಮೇಜಿನ ಮೇಲಿರುವ ನಕ್ಷೆಗಳ ಕಟ್ಟೇ ಬೇರೆ. ಅದರಲ್ಲಿ ಸೇತುವೆಯ ಹಾಳೆಗಳ ಜೊತೆಗೆ ‘ಹಂತ 1’, ‘ಹಂತ 1ಎ’, ‘ಹಂತ 2’ ಎಂದು ಗುರುತು ಹಾಕಿದ ಹಾಳೆಗಳ ದೊಡ್ಡ ರಾಶಿಯೇ ಇರುತ್ತದೆ: ಈ ತಿಂಗಳು ಬಸ್ಸು ಎಲ್ಲಿ ಹೋಗಬೇಕು, ನಡೆದು ಹೋಗುವವರು ಎಲ್ಲಿ ದಾಟಬೇಕು, ಒಳಚರಂಡಿಯ ನೀರು ಯಾವ ಕೊಳವೆಯಲ್ಲಿ ಹರಿಯಬೇಕು, ಕ್ರೇನು ಎಲ್ಲಿ ಕಾಲೂರಬೇಕು. ಬಯಲಿನಲ್ಲಾದರೆ ಸೇತುವೆ ಬರೆದುಕೊಂಡು ಆಮೇಲೆ ಕಟ್ಟುವ ಕ್ರಮ ಯೋಚಿಸಬಹುದು. ಊರ ನಡುವೆ ಇದು ತಿರುಗುಮುರುಗು. ಮೊದಲು ಕಟ್ಟುವ ಕ್ರಮ ಹೊಂದಬೇಕು. ಕಂಬ ಎಲ್ಲಿ, ಕಂಬದಿಂದ ಕಂಬಕ್ಕೆ ಇಡುವ ತೊಲೆ, ಅಂದರೆ ಗರ್ಡರ್, ಯಾವ ಬಗೆಯದು, ರ್ಯಾಂಪು ಎಷ್ಟು ಬಾಗಬೇಕು ಎನ್ನುವುದೆಲ್ಲ ಅದರ ಹೊಟ್ಟೆಯಿಂದಲೇ ಹುಟ್ಟಬೇಕು. ವರ್ಷಗಟ್ಟಲೆ ಎಳೆಯುವ ಕಾಮಗಾರಿಗಳ ಕಡತ ಬಿಚ್ಚಿದರೆ ಸಾಮಾನ್ಯವಾಗಿ ಈ ಅನುಕ್ರಮವೇ ಉಲ್ಟಾ ಆಗಿರುತ್ತದೆ.

ತಿರುವಿಗೆ ಬೇಕಾದ ಜಾಗ

ಎಲ್ಲಕ್ಕೂ ಮೊದಲು ಜಾಗದ ಲೆಕ್ಕ. ತಿರುವಿನ ತ್ರಿಜ್ಯವನ್ನು ನಿರ್ಧರಿಸುವುದು ವೇಗದ ವರ್ಗ. ಗಂಟೆಗೆ ಇಷ್ಟು ಕಿ.ಮೀ. ಎನ್ನುವ ವೇಗವನ್ನು ಅದರಿಂದಲೇ ಗುಣಿಸಿ, 127ರಿಂದ ಭಾಗಿಸಿ, ಬಂದದ್ದನ್ನು ರಸ್ತೆಯ ಅಡ್ಡ ಓರೆ ಮತ್ತು ಟೈರಿನ ಪಕ್ಕದ ಘರ್ಷಣೆ ಎರಡರ ಮೊತ್ತದಿಂದ ಮತ್ತೆ ಭಾಗಿಸಿದರೆ ಮೀಟರಿನಲ್ಲಿ ತ್ರಿಜ್ಯ ಸಿಗುತ್ತದೆ. ಅಡ್ಡ ಓರೆ 0.07, ಘರ್ಷಣೆ 0.15 ಎಂದು ಹಿಡಿದರೆ 40 ಕಿ.ಮೀ. ವೇಗದ ಲೂಪಿಗೆ (ಸುತ್ತಿ ಬರುವ ರ್ಯಾಂಪಿಗೆ) 57 ಮೀಟರ್ ತ್ರಿಜ್ಯ ಸಾಕು. 60 ಕಿ.ಮೀ. ಬೇಕೆಂದರೆ 129 ಮೀಟರ್. ವೇಗ ಒಂದೂವರೆ ಪಟ್ಟು ಏರಿತು ಅಷ್ಟೆ, ಆದರೆ ಆ ಲೂಪಿನ ವೃತ್ತ ನುಂಗುವ ನೆಲ ಎರಡೂವರೆ ಎಕರೆಯಿಂದ 13 ಎಕರೆಗೆ ಜಿಗಿಯಿತು. ನಾಲ್ಕು ಮೂಲೆಗೂ ಒಂದೊಂದು ಲೂಪಿರುವ, ನಾಲ್ಕೆಲೆಯಂತೆ ಕಾಣುವ ಕ್ಲೋವರ್‌ಲೀಫ್ ವಿನ್ಯಾಸಕ್ಕೆ ಇಂಥ ನಾಲ್ಕು ಬೇಕು. ಮನೆ, ಅಂಗಡಿ, ಆಸ್ಪತ್ರೆ ಒತ್ತೊತ್ತಾಗಿರುವ ಕಡೆ ಆ ಮಾತು ಅಲ್ಲಿಗೇ ಮುಗಿಯಿತು.

ಕ್ಲೋವರ್‌ಲೀಫ್‌ಗೆ ಇನ್ನೊಂದು ರೋಗವಿದೆ. 1916ರಲ್ಲಿ ಅಮೆರಿಕದ ಆರ್ಥರ್ ಹೇಲ್ ಪೇಟೆಂಟ್ ಪಡೆದ, ಆ ದೇಶದಲ್ಲಿ 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ಮೊದಲ ಸಲ ಕಟ್ಟಿದ ಈ ವಿನ್ಯಾಸದಲ್ಲಿ, ಒಂದು ಲೂಪಿನಿಂದ ಇಳಿದು ಬರುವ ವಾಹನವೂ ಮುಂದಿನ ಲೂಪಿಗೆ ಹೊರಳುವ ವಾಹನವೂ ಒಂದೇ ತುಣುಕು ರಸ್ತೆಯಲ್ಲಿ ಜಾಗ ಅದಲು ಬದಲು ಮಾಡಿಕೊಳ್ಳಬೇಕು. ಒಬ್ಬ ವೇಗ ಹೆಚ್ಚಿಸುತ್ತಿರುತ್ತಾನೆ, ಇನ್ನೊಬ್ಬ ಬ್ರೇಕ್ ಒತ್ತುತ್ತಿರುತ್ತಾನೆ. ಹೀಗೆ ಹೆಣೆದುಕೊಳ್ಳುವ ವಾಹನಗಳ ಸಂಖ್ಯೆ ಎರಡೂ ಕಡೆ ಸೇರಿ ಗಂಟೆಗೆ 1000 ದಾಟಿತೆಂದರೆ ಮುಖ್ಯ ರಸ್ತೆಯ ಪಕ್ಕದಲ್ಲೇ ಬೇರೆ ಸಂಗ್ರಾಹಕ ರಸ್ತೆ ಹಾಕಿ ಈ ಹೆಣಿಗೆಯನ್ನು ಅಲ್ಲಿಗೆ ಸರಿಸಬೇಕಾಗುತ್ತದೆ. ಅದಕ್ಕೆ ಮತ್ತಷ್ಟು ಅಗಲ ಬೇಕು.

ಅಡ್ಡಡ್ಡ ಜಾಗ ಇಲ್ಲದಿದ್ದಾಗ ಮೇಲಕ್ಕೆ ಹೋಗುವುದು ಸಹಜ. ಲಾಸ್ ಏಂಜಲಿಸ್‌ನಲ್ಲಿ 1953ರಲ್ಲಿ ಸಂಚಾರಕ್ಕೆ ತೆರೆದ ನಾಲ್ಕು ಅಂತಸ್ತಿನ ಇಂಟರ್‌ಚೇಂಜ್ ಈ ಬಗೆಯ ಮೊದಲನೆಯದು. ಆದರೆ ಎತ್ತರಕ್ಕೂ ನೆಲದಲ್ಲಿಯೇ ಬೆಲೆ ತೆರಬೇಕು. ಲಾರಿಗೆ 5.5 ಮೀಟರ್ ತೆರಪು, ಅದರ ಮೇಲೆ ಗರ್ಡರ್ ಮತ್ತು ವಾಹನ ಓಡುವ ಮೇಲ್ಹಾಸಾದ ಡೆಕ್ಕಿಗೆ ಎರಡು ಎರಡೂವರೆ ಮೀಟರ್. ಅಂದರೆ ಅಂತಸ್ತಿಗೆ 8 ಮೀಟರ್. ನಾಲ್ಕನೇ ಹಂತದ ರಸ್ತೆ ನೆಲದಿಂದ 24 ಮೀಟರ್ ಮೇಲಿರುತ್ತದೆ. ಶೇ 5ರ ಏರಿನಲ್ಲಿ ಅಲ್ಲಿಗೆ ತಲುಪಲು 480 ಮೀಟರ್ ಉದ್ದ ಬೇಕು. ಏರು ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಬಾಗು ನಯವಾಗಲು ಇನ್ನೂ ನೂರು ಮೀಟರಿಗಿಂತ ಹೆಚ್ಚು. ಹೀಗೆ ರ್ಯಾಂಪಿನ ಬಾಲ ಜಂಕ್ಷನ್ನಿನಿಂದ ಅರ್ಧ ಕಿಲೋಮೀಟರ್ ಆಚೆ, ಮುಂದಿನ ಸಿಗ್ನಲ್ಲಿನ ಬುಡಕ್ಕೆ ಹೋಗಿ ಬೀಳುತ್ತದೆ.

ಜಾಗದ ಬಿಕ್ಕಟ್ಟನ್ನು ಎಷ್ಟು ದೂರ ಎಳೆಯಬಹುದು ಎನ್ನುವುದಕ್ಕೆ ಟೋಕಿಯೊದ ಓಹಾಶಿ ಜಂಕ್ಷನ್ ಒಳ್ಳೆಯ ಉದಾಹರಣೆ. ನೆಲದಿಂದ ಬಲು ಎತ್ತರದಲ್ಲಿರುವ ಎಕ್ಸ್‌ಪ್ರೆಸ್‌ವೇ ಒಂದನ್ನು ನೆಲದಡಿಯ ಯಮಾಟೆ ಸುರಂಗಕ್ಕೆ ಜೋಡಿಸಬೇಕಿತ್ತು. ಎರಡರ ನಡುವಿನ ವ್ಯತ್ಯಾಸ ಸುಮಾರು 70 ಮೀಟರ್. 2010ರಲ್ಲಿ ತೆರೆದ ಈ ಜಂಕ್ಷನ್ನಿನಲ್ಲಿ ರ್ಯಾಂಪು ತಲಾ ಸುಮಾರು 400 ಮೀಟರಿನ ಎರಡು ಸುತ್ತು ಹಾಕಿ ಇಳಿಯುತ್ತದೆ. ಹೊಗೆ, ಸದ್ದು ಅಕ್ಕಪಕ್ಕದ ಮನೆಗಳಿಗೆ ತಾಗದಂತೆ ಇಡೀ ಸುರುಳಿಯನ್ನು ಕಾಂಕ್ರೀಟ್ ಗೋಡೆ, ಚಾವಣಿಗಳಿಂದ ಮುಚ್ಚಿದ್ದಾರೆ. ಚಾವಣಿಯ ಮೇಲೆ ಸುಮಾರು 7000 ಚದರ ಮೀಟರಿನ ಉದ್ಯಾನವಿದೆ. ಒಸಾಕಾದಲ್ಲಿ ಇನ್ನೊಂದು ವಿಚಿತ್ರ: 1992ರಲ್ಲಿ ಮುಗಿದ 16 ಅಂತಸ್ತಿನ ಗೇಟ್ ಟವರ್ ಕಟ್ಟಡದ 5, 6, 7ನೇ ಮಹಡಿಗಳ ನಡುವಿನಿಂದ ಹನ್ಶಿನ್ ಎಕ್ಸ್‌ಪ್ರೆಸ್‌ವೇಯ ನಿರ್ಗಮನ ರ್ಯಾಂಪು ಹಾದು ಹೋಗುತ್ತದೆ. ರಸ್ತೆ ಕಟ್ಟಡವನ್ನು ಎಲ್ಲೂ ಮುಟ್ಟುವುದಿಲ್ಲ, ತನ್ನದೇ ಆಧಾರದ ಮೇಲೆ ನಿಂತಿದೆ. ಫೋಟೋ ತೆಗೆಯುವವರಿಗೆ ಇದು ಮೋಜು. ಎಂಜಿನಿಯರುಗಳಿಗೆ ಇದರಲ್ಲಿ ಕಾಣುವುದು, ಅಲುಗಾಡಿಸಲಾಗದ ಒಂದು ಜಮೀನಿನ ಸುತ್ತ ರಸ್ತೆಯೇ ಹೇಗೆ ಬಾಗಬೇಕಾಯಿತು ಎನ್ನುವುದು.

ಇಷ್ಟೆಲ್ಲ ಬೇಕೇ ಎಂದು ಕೇಳುವವರು ಕಡಿಮೆ. ನಾಲ್ಕು ದಾರಿ ಕೂಡುವಲ್ಲಿ 12 ಚಲನೆಗಳಿವೆ: ನಾಲ್ಕು ನೇರ, ನಾಲ್ಕು ಎಡ, ನಾಲ್ಕು ಬಲ. ಎಣಿಕೆ ಮಾಡಿ ನೋಡಿದರೆ ಭಾರ ಹೊರುವುದು ಹೆಚ್ಚಾಗಿ ಎರಡು ಮೂರು ಚಲನೆಗಳೇ. ಅವಕ್ಕೆ ರ್ಯಾಂಪು ಕೊಟ್ಟು ಉಳಿದದ್ದನ್ನು ಕೆಳಗಿನ ಸಿಗ್ನಲ್ಲಿಗೆ ಬಿಟ್ಟರೆ ಅರ್ಧದಷ್ಟು ಕಂಬಗಳೇ ಬೇಕಾಗುವುದಿಲ್ಲ. ಅಮೆರಿಕದ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2009ರಲ್ಲಿ ಹೊಸ ಸೇತುವೆ ಕಟ್ಟದೆ, ಇದ್ದ ಸೇತುವೆಯ ಮೇಲೆಯೇ ಎದುರು ಬದುರಿನ ಲೇನುಗಳನ್ನು ಅದಲು ಬದಲು ಮಾಡಿ ತಿರುಗುವ ವಾಹನ ಎದುರಿನ ಸಾಲನ್ನು ಅಡ್ಡ ಹಾಯುವುದನ್ನು ತಪ್ಪಿಸಿದರು. ಎಲ್ಲ ದಿಕ್ಕಿಗೂ ರ್ಯಾಂಪು ಇದ್ದರೇ ಅದು ‘ಪೂರ್ಣ’ ಎನ್ನುವ ಹಟ ಮೂಗಿಗಿಂತ ಮೂಗುತಿ ಭಾರ ಮಾಡುವಂಥದ್ದು.

ರ್ಯಾಂಪು ಇಳಿಯುವ ಜಾಗದ ಲೆಕ್ಕ ಹೀಗೆ. ಗಂಟೆಗೆ 1200 ವಾಹನ ಇಳಿಯುವ ಎರಡು ಲೇನಿನ ರ್ಯಾಂಪು. ಬುಡದಲ್ಲಿ 120 ಸೆಕೆಂಡಿನ ಸಿಗ್ನಲ್ಲು, ಅದರಲ್ಲಿ ಹಸಿರು 30 ಸೆಕೆಂಡು. ಸುತ್ತಿಗೆ 40 ವಾಹನ ಬರುತ್ತವೆ. ಲೇನಿಗೆ ಎರಡು ಸೆಕೆಂಡಿಗೊಂದರಂತೆ ದಾಟಿದರೆ 30 ಮಾತ್ರ ಹೋಗುತ್ತವೆ. ಸುತ್ತಿಗೆ 10 ಉಳಿದವು. 20 ನಿಮಿಷಕ್ಕೆ 100. ವಾಹನಕ್ಕೆ 7 ಮೀಟರಿನಂತೆ ಎರಡು ಸಾಲಿನಲ್ಲಿ 350 ಮೀಟರ್ ಉದ್ದದ ಬಾಲ. ರ್ಯಾಂಪಿನ ಉದ್ದ 300 ಮೀಟರ್ ಇದ್ದರೆ ಬಾಲದ ತುದಿ ಆಗಲೇ ಹೆದ್ದಾರಿಗೆ ಚಾಚಿಕೊಂಡಿದೆ, 80 ಕಿ.ಮೀ. ವೇಗದಲ್ಲಿ ಬರುವ ಲಾರಿಯ ಎದುರಿಗೆ. ನೂರಾರು ಕೋಟಿಯ ಸೇತುವೆಯ ಹಣೆಬರಹ ಬರೆಯುವುದು ಕೆಳಗಿನ ಆ ಸಿಗ್ನಲ್ ಪೆಟ್ಟಿಗೆ. ಅಲ್ಲಿ ಲೇನು ಹೆಚ್ಚಿಸಲು ಬೇಕಾದ ಹತ್ತು ಮೀಟರ್ ಅಗಲದ ಪಟ್ಟಿಯನ್ನು ಯೋಜನೆಯ ಗಡಿಯೊಳಗೆ ಮೊದಲೇ ಸೇರಿಸಿಕೊಳ್ಳದಿದ್ದರೆ ಆಮೇಲೆ ಅದು ಸಿಗುವುದಿಲ್ಲ.

ನೆಲದಡಿಯ ಊರು

ಹಳೆಯ ಜಂಕ್ಷನ್ನಿನ ಕೆಳಗೆ ಇನ್ನೊಂದು ಊರಿರುತ್ತದೆ. ಕುಡಿಯುವ ನೀರಿನ ಮುಖ್ಯ ಕೊಳವೆ, ಒಳಚರಂಡಿ, ಮಳೆನೀರಿನ ಕಾಲುವೆ, ಹೈಟೆನ್ಶನ್ ಕೇಬಲ್, ಅನಿಲ ಕೊಳವೆ, ನಾಲ್ಕೈದು ಸಂಸ್ಥೆಗಳ ಆಪ್ಟಿಕಲ್ ಫೈಬರ್, ಜೊತೆಗೆ ಯಾರ ದಾಖಲೆಯಲ್ಲೂ ಇಲ್ಲದ, ಬಳಕೆ ತಪ್ಪಿದ ಹಳೇ ಕೊಳವೆಗಳು. ಇಲಾಖೆಗಳು ಕೊಡುವ ನಕ್ಷೆಯಲ್ಲಿ ಗೆರೆ ಇರುತ್ತದೆ, ಆಳ ಇರುವುದಿಲ್ಲ. ರಾಡಾರ್ ಯಂತ್ರವನ್ನು ನೆಲದ ಮೇಲೆ ಉರುಳಿಸಿದರೆ ಎರಡು ಮೂರು ಮೀಟರ್ ಆಳದವರೆಗೆ ಚಿತ್ರ ಬರುತ್ತದೆ. ಆದರೆ ಒದ್ದೆ ಜೇಡಿಮಣ್ಣಿನಲ್ಲಿ ಅದರ ಅಲೆಗಳು ಬೇಗನೆ ಸತ್ತುಹೋಗುತ್ತವೆ, ಒಂದು ಮೀಟರಿನಾಚೆ ಏನೂ ಕಾಣದು. ಕೊನೆಗೂ ನೆಚ್ಚಬಹುದಾದದ್ದು ಕೈಯಿಂದ ತೋಡಿದ ಪರೀಕ್ಷಾ ಗುಂಡಿ ಮಾತ್ರ. ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ ಪೈಲು; ಅವುಗಳ ತಲೆಗಳನ್ನು ಕೂಡಿಸಿ ಮೇಲಿನ ಕಂಬವನ್ನು ಹೊರುವ ದಿಮ್ಮಿ ಪೈಲ್ ಕ್ಯಾಪು. ಪ್ರತಿ ಪೈಲ್ ಕ್ಯಾಪಿನ ಜಾಗದಲ್ಲಿ ಅಡ್ಡಡ್ಡ ಎರಡು ಗುಂಡಿ, ಒಂದೂವರೆ ಎರಡು ಮೀಟರ್ ಆಳಕ್ಕೆ. ಟೆಂಡರಿಗೆ ಮುಂಚೆ ಈ ಖರ್ಚು ಮಾಡಲು ಯಾರಿಗೂ ಮನಸ್ಸಿರುವುದಿಲ್ಲ. ಟೆಂಡರಾದ ಮೇಲೆ ಅದೇ ಗುಂಡಿಯಲ್ಲಿ ಸಿಕ್ಕ ಕೊಳವೆಗೆ ಗುತ್ತಿಗೆದಾರ ಕಾಲಾವಕಾಶವನ್ನೂ ಪರಿಹಾರವನ್ನೂ ಕೇಳುತ್ತಾನೆ, ಮತ್ತು ಅವನ ವಾದದಲ್ಲಿ ತಪ್ಪಿರುವುದಿಲ್ಲ.

ಸ್ಥಳಾಂತರಕ್ಕೂ ಒಂದು ಸರದಿ ಇದೆ. ಎಲ್ಲಕ್ಕಿಂತ ಮೊದಲು ಒಳಚರಂಡಿ, ಯಾಕೆಂದರೆ ಅದು ಆಳದಲ್ಲಿರುತ್ತದೆ ಮತ್ತು ಇಳಿಜಾರನ್ನು ನಂಬಿ ಹರಿಯುತ್ತದೆ. 200 ಮೀಟರಿಗೆ ಒಂದು ಮೀಟರಿನಂತೆ ಇಳಿಯುವ ಕೊಳವೆಯನ್ನು ಪೈಲ್ ಕ್ಯಾಪಿನ ಸುತ್ತ 40 ಮೀಟರ್ ಬಳಸಿ ಒಯ್ದರೆ 200 ಮಿ.ಮೀ. ಮಟ್ಟ ಕಳೆದುಹೋಗುತ್ತದೆ. ಮುಂದಿನ ಮ್ಯಾನ್‌ಹೋಲಿನ ತಳ ಅಷ್ಟು ಕೆಳಗೆ ಇಲ್ಲದಿದ್ದರೆ ಅಲ್ಲಿಂದ ಮುಂದಿನ ಸಾಲನ್ನೆಲ್ಲ ಅಗೆದು ಇಳಿಸಬೇಕು, ಇಲ್ಲವೇ ಪಂಪು ಕೂರಿಸಿ ಜನ್ಮವಿಡೀ ವಿದ್ಯುತ್ ಬಿಲ್ಲು ಕಟ್ಟಬೇಕು. ಎಷ್ಟೋ ಸಲ ಇದಕ್ಕಿಂತ ಕಂಬವನ್ನು ಸರಿಸುವುದೇ ಅಗ್ಗ. ಒಳಚರಂಡಿ ಆದ ಮೇಲೆ ಮಳೆಕಾಲುವೆ, ನೀರು, ವಿದ್ಯುತ್ತು. ಬೇಕಾದಂತೆ ಬಾಗುವ ಫೈಬರ್ ಕೊನೆಗೆ. ಈ ಸರದಿ ತಪ್ಪಿದರೆ ಹೋದ ತಿಂಗಳು ಹೊಸದಾಗಿ ಹೂತ ಕೇಬಲ್ಲನ್ನು ಈ ತಿಂಗಳು ಚರಂಡಿಯವರು ಮೇಲೆತ್ತುತ್ತಾರೆ.

ನೀರಿನ ಕೊಳವೆಯ ಅಪಾಯ ಬೇರೆ ಬಗೆಯದು. 1000 ಮಿ.ಮೀ. ವ್ಯಾಸದ ಕೊಳವೆ, ಒಳಗೆ 6 ಬಾರ್ ಒತ್ತಡ, ಒಂದು ಕಡೆ 90 ಡಿಗ್ರಿ ತಿರುವು. ಆ ತಿರುವನ್ನು ನೀರು ಹೊರಕ್ಕೆ ತಳ್ಳುವ ಬಲ ಸುಮಾರು 68 ಟನ್. ಅದನ್ನು ಹಿಡಿದಿಟ್ಟಿರುವುದು ತಿರುವಿನ ಬೆನ್ನಿಗೆ ಸುರಿದ ಕಾಂಕ್ರೀಟ್ ಗಡ್ಡೆ. ಆ ಗಡ್ಡೆಯನ್ನು ಹಿಡಿದಿಟ್ಟಿರುವುದು ಅದರ ಬೆನ್ನಿನ ಮಣ್ಣು. ಪೈಲ್ ಕ್ಯಾಪಿಗೆ ಗುಂಡಿ ತೋಡುವವರು ಕೊಳವೆಯನ್ನು ಮುಟ್ಟಿರುವುದೇ ಇಲ್ಲ, ಎರಡು ಮೀಟರ್ ಆಚೆ ಮಣ್ಣು ತೆಗೆದಿರುತ್ತಾರೆ ಅಷ್ಟೆ. ರಾತ್ರಿ ಬಳಕೆ ಇಳಿದು ಒತ್ತಡ ಏರುತ್ತದೆ, ಗಡ್ಡೆ ಜಾರುತ್ತದೆ, ಜೋಡಣೆ ಬಿಚ್ಚಿಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಗುಂಡಿ ಕೆರೆಯಾಗಿರುತ್ತದೆ. ಕೊಳವೆ ಒಡೆದ ಸುದ್ದಿ ಬರುತ್ತದೆ; ಕೊಳವೆ ಒಡೆದಿರುವುದಿಲ್ಲ, ಬೆನ್ನು ಕಳೆದುಕೊಂಡಿರುತ್ತದೆ.

ಕೊಳವೆಯನ್ನು ಸರಿಸಲಿಕ್ಕೂ ಆಗದು, ಕಂಬವನ್ನು ಬಿಡಲಿಕ್ಕೂ ಆಗದು ಎಂದಾದಾಗ ಉಳಿಯುವುದು ಕವಲುಗಾಲು: ಎರಡು ಬದಿಗೆ ಎರಡು ಕಂಬ, ಮೇಲೆ 20–25 ಮೀಟರಿನ ಅಡ್ಡತೊಲೆ, ಆ ತೊಲೆಯ ಮೇಲೆ ಗರ್ಡರು. ತೊಲೆಗೆ ಬಲ ಕೊಡಲು ಅದರೊಳಗೆ ಬಿಗಿಯಾಗಿ ಎಳೆದಿಡುವ ಉಕ್ಕಿನ ಕೇಬಲ್ಲುಗಳನ್ನು ಒಂದೇ ಸಲಕ್ಕೆ ಎಳೆಯುವಂತಿಲ್ಲ. ಮೇಲಿನ ಭಾರ ಬರುವ ಮುನ್ನವೇ ಪೂರ್ತಿ ಎಳೆದರೆ ತೊಲೆ ಮೇಲ್ಮುಖವಾಗಿ ಬಾಗಿ ಮೇಲುಗಡೆ ಬಿರುಕು ಬಿಡುತ್ತದೆ. ಸ್ವಲ್ಪ ಎಳೆ, ಗರ್ಡರ್ ಇಡು, ಮತ್ತೆ ಎಳೆ, ಡೆಕ್ ಹಾಕು, ಉಳಿದದ್ದು ಎಳೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗ್ರೇವಲಿ ಹಿಲ್ ಇಂಟರ್‌ಚೇಂಜ್, 1972ರ ಮೇ 24ರಂದು ತೆರೆದದ್ದು, 559 ಕಂಬಗಳ ಮೇಲೆ ರೈಲು ಹಳಿ, ನದಿ, ಕಾಲುವೆಗಳನ್ನು ದಾಟುತ್ತದೆ. ಅಲ್ಲಿ ಕಂಬಗಳ ಜಾಗ ಗುರುತಿಸುವಾಗ, ಕಾಲುವೆಯಲ್ಲಿ ದೋಣಿ ಎಳೆಯುವ ಕುದುರೆಯ ಹಗ್ಗ ಕಂಬಕ್ಕೆ ಸಿಕ್ಕಿಕೊಳ್ಳಬಾರದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಒಂದು ಪೈಲಿನ ರಾತ್ರಿ

ಊರೊಳಗೆ ಪೈಲನ್ನು ಬಡಿದು ಇಳಿಸುವುದಿಲ್ಲ. ಅದರ ಅದುರಿಗೆ ಪಕ್ಕದ ಮನೆಗಳ ಗೋಡೆ ಬಿರಿಯುತ್ತದೆ. ಕೊರೆದು ಕಾಂಕ್ರೀಟ್ ತುಂಬುವುದೇ ರೂಢಿ. ಹಾಗೆ ಮಾಡುವಾಗಲೂ ಸುತ್ತಲಿನ ಕಟ್ಟಡಗಳ ಪ್ರತಿ ಬಿರುಕಿನ ಅಗಲವನ್ನು ಕೆಲಸಕ್ಕೆ ಮುಂಚೆಯೇ ಅಳೆದು, ದಿನಾಂಕದೊಡನೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹತ್ತು ವರ್ಷ ಹಳೆಯ ಬಿರುಕೂ ಕಾಮಗಾರಿಯ ತಲೆಗೆ ಬರುತ್ತದೆ. ನಿಜವಾಗಿ ಹೊಸದಾಗಿ ಬಿಟ್ಟ ಬಿರುಕಿಗೆ ಪರಿಹಾರ ಕೇಳುವ ಮನೆಯವರ ಬಳಿಯೂ ಪುರಾವೆ ಇರುವುದಿಲ್ಲ.

1.2 ಮೀಟರ್ ವ್ಯಾಸ, 25 ಮೀಟರ್ ಆಳದ ಒಂದು ಪೈಲು ತೆಗೆದುಕೊಳ್ಳಿ. ಲೆಕ್ಕಕ್ಕೆ 28.3 ಘನ ಮೀಟರ್ ಕಾಂಕ್ರೀಟ್. ಗುಂಡಿಯ ಗೋಡೆ ಅಲ್ಲಲ್ಲಿ ಕಿತ್ತು ಬಂದಿರುವುದರಿಂದ 30–31 ಬೇಕಾಗುತ್ತದೆ. 6 ಘನ ಮೀಟರಿನ ಮಿಕ್ಸರ್ ಲಾರಿ ಆರು. ಹಗಲಲ್ಲಿ ದೊಡ್ಡ ವಾಹನ ಬಿಡುವುದಿಲ್ಲವಾದ್ದರಿಂದ ಕೆಲಸ ರಾತ್ರಿಯೇ. ಗುಂಡಿಯ ತುಂಬ ಬೆಂಟೊನೈಟ್ ಮಣ್ಣಿನ ಗಂಜಿ ನಿಂತಿರುತ್ತದೆ. ಗೋಡೆ ಕುಸಿಯದಂತೆ ಒತ್ತಿ ಹಿಡಿದಿರುವುದು ಅದೇ. ಕಾಂಕ್ರೀಟನ್ನು ಮೇಲಿನಿಂದ ಸುರಿದರೆ ಗಂಜಿಯೊಡನೆ ಬೆರೆತು ಹಾಳು. ಅದಕ್ಕೇ 200 ಮಿ.ಮೀ. ಅಥವಾ ಅದಕ್ಕಿಂತ ತುಸು ದಪ್ಪದ ಟ್ರೆಮಿ ಪೈಪು ತಳದವರೆಗೆ ಇಳಿಬಿಟ್ಟು ಅದರ ಮೂಲಕ ತುಂಬುತ್ತಾರೆ. ಕಾಂಕ್ರೀಟ್ ಕೆಳಗಿನಿಂದ ಏರುತ್ತ ಗಂಜಿಯನ್ನು ಮೇಲಕ್ಕೆ ನೂಕುತ್ತದೆ.

ಒಂದು ಲಾರಿ ಖಾಲಿಯಾದರೆ ಗುಂಡಿಯಲ್ಲಿ ಕಾಂಕ್ರೀಟಿನ ಮಟ್ಟ ಸುಮಾರು 5.3 ಮೀಟರ್ ಏರುತ್ತದೆ. ಪ್ರತಿ ಲಾರಿಯ ಬಳಿಕ ಒಬ್ಬ ತೂಕ ಕಟ್ಟಿದ ಟೇಪು ಇಳಿಬಿಟ್ಟು ಮಟ್ಟ ಅಳೆದು ಕಾಗದದಲ್ಲಿ ಬರೆಯುತ್ತಾನೆ. ಪೈಪಿನ ತುದಿ ಕನಿಷ್ಠ ಎರಡು ಮೀಟರ್ ಕಾಂಕ್ರೀಟಿನೊಳಗೆ ಹುದುಗಿರಲೇಬೇಕು. ಉಳಿದಷ್ಟನ್ನು ಮೇಲಿನಿಂದ ತುಂಡು ತುಂಡಾಗಿ ಬಿಚ್ಚಬಹುದು. ತಪ್ಪಾಗುವುದು ಇಲ್ಲಿಯೇ. ಟೇಪಿನ ತೂಕ ಗಟ್ಟಿಗೊಂಡ ಗಂಜಿಯ ಮೇಲೆ ನಿಂತು ಮಟ್ಟ ಮೇಲಿದೆ ಎಂದು ತೋರಿಸುತ್ತದೆ, ಇವರು ಎರಡು ತುಂಡು ಹೆಚ್ಚಿಗೆ ಬಿಚ್ಚುತ್ತಾರೆ, ಪೈಪಿನ ಬಾಯಿ ಕಾಂಕ್ರೀಟಿನಿಂದ ಹೊರಬರುತ್ತದೆ. ಅಲ್ಲಿಂದ ಮುಂದೆ ಬೀಳುವುದೆಲ್ಲ ಗಂಜಿಯ ಮೇಲೆ. ಪೈಲಿನ ನಡುವೆ ಒಂದು ಪದರ ಬರೀ ಕೆಸರು. ಇನ್ನೊಂದು ಬಗೆ: ನಾಲ್ಕನೇ ಲಾರಿ ಡೈವರ್ಷನ್ನಿನಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಳ್ಳುತ್ತದೆ, ಒಳಗಿನದು ಬಿಗಿಯುತ್ತದೆ, ಪೈಪು ಅಲುಗಾಡುವುದಿಲ್ಲ, ಬಲವಂತದಿಂದ ಎತ್ತಿದರೆ ಸರಳಿನ ಪಂಜರವೂ ಜೊತೆಗೇ ಮೇಲೇಳುತ್ತದೆ. ತನ್ನದೇ ಡೈವರ್ಷನ್ನಿನಲ್ಲಿ ತನ್ನದೇ ಲಾರಿ ಸಿಕ್ಕಿಕೊಳ್ಳುವುದು ಊರೊಳಗಿನ ಕಾಮಗಾರಿಯ ವ್ಯಂಗ್ಯ.

ಪಂಜರದೊಳಗೆ ಮೊದಲೇ ಕಟ್ಟಿಟ್ಟ ಮೂರು ನಾಲ್ಕು ಕೊಳವೆಗಳಲ್ಲಿ ಧ್ವನಿತರಂಗ ಹಾಯಿಸಿ ನೋಡಿದರೆ ಕೆಸರಿನ ಪದರ ಗೊತ್ತಾಗುತ್ತದೆ. ಗೊತ್ತಾದರೆ ಪಕ್ಕದಲ್ಲಿ ಇನ್ನೊಂದು ಪೈಲು ಹಾಕಬೇಕು, ಕ್ಯಾಪು ಅಗಲವಾಗಬೇಕು, ಆ ಅಗಲದಲ್ಲಿ ಮತ್ತೊಂದು ಕೊಳವೆ ಅಡ್ಡ ಬರುತ್ತದೆ. ಎರಡು ತುಂಡು ಪೈಪಿನ ಅವಸರಕ್ಕೆ ಎರಡು ತಿಂಗಳು.

24 ಮೀಟರಿನಲ್ಲಿ ಎಲ್ಲರಿಗೂ ಪಾಲು

ಈಗ ರಸ್ತೆ ಹಂಚುವ ಲೆಕ್ಕ. 24 ಮೀಟರ್ ಅಗಲದ ರಸ್ತೆ. ನಡುವೆ ಪೈಲ್ ಯಂತ್ರ ನಿಂತು ತಿರುಗಲು, ತಡೆಗೋಡೆಗಳೂ ಸೇರಿ 9 ಮೀಟರ್. ಉಳಿದ 15ರಲ್ಲಿ ಬದಿಗೆ 7.5. ಅದರಲ್ಲಿ 3.25 ಮೀಟರಿನ ಎರಡು ಲೇನು, ಇಬ್ಬದಿಗೆ ವಾಹನ ಗೋಡೆಗೆ ತಾಗದಂತೆ ಅರ್ಧರ್ಧ ಮೀಟರ್ ತೆರಪು. ಮುಗಿಯಿತು. ಕಾಲುದಾರಿ ಎಲ್ಲಿ? ಬಸ್ ನಿಲ್ದಾಣ ಎಲ್ಲಿ? ಕೆಟ್ಟು ನಿಂತ ಲಾರಿಯನ್ನು ಎಲ್ಲಿಗೆ ಎಳೆಯುವುದು? ಇದಕ್ಕೆಲ್ಲ ಉತ್ತರ ಒಂದೇ: ನಡುವಿನ ಕೆಲಸಕ್ಕೆ ಕೈ ಹಾಕುವ ಮೊದಲೇ ಎರಡೂ ಬದಿಯ ಸರ್ವೀಸ್ ರಸ್ತೆ ಪೂರ್ತಿ ಡಾಂಬರು, ಚರಂಡಿ, ದೀಪಗಳೊಡನೆ ಸಿದ್ಧವಾಗಿರಬೇಕು. ಸರ್ವೀಸ್ ರಸ್ತೆಯಿಂದ ಉದ್ಘಾಟನೆಗೆ ಚಿತ್ರ ಸಿಗುವುದಿಲ್ಲ, ಬಿಲ್ಲೂ ದೊಡ್ಡದಾಗುವುದಿಲ್ಲ. ಆದ್ದರಿಂದ ಅದು ಕೊನೆಗೆ ಹೋಗುತ್ತದೆ, ಮೊದಲು ಕಂಬಗಳು ಏಳುತ್ತವೆ.

ಕೈಗೆ ಬಂದ ಜಾಗದಲ್ಲೆಲ್ಲ ಕಂಬ ಎಬ್ಬಿಸುವುದೂ ಇದೇ ಜಾತಿಯ ತಪ್ಪು. ನಾಲ್ಕು ಅಂಕಣ (ಕಂಬದಿಂದ ಕಂಬದವರೆಗಿನ ಭಾಗ) ಒಂದಾಗಿ ಬೆಸೆದ ಡೆಕ್ಕಿಗೆ ಐದೂ ಆಧಾರಗಳು ಬೇಕು. ನಾಲ್ಕು ಎದ್ದು, ಐದನೆಯದರ ಜಮೀನು ನ್ಯಾಯಾಲಯದಲ್ಲಿದ್ದರೆ ನಾಲ್ಕೂ ಸುಮ್ಮನೆ ನಿಂತಿರುತ್ತವೆ; ತುಕ್ಕು ಹಿಡಿದ ಸರಳುಗಳು ಮೇಲೆ ಚಾಚಿಕೊಂಡು, ಕೆಳಗಿನ ಎರಡು ಲೇನನ್ನು ನುಂಗಿಕೊಂಡು.

ತಾತ್ಕಾಲಿಕ ವ್ಯವಸ್ಥೆಯಲ್ಲಿ ಸಣ್ಣ ಸಂಗತಿಗಳೇ ಕಾಲೆಳೆಯುತ್ತವೆ. ಉದ್ದಕ್ಕೆ ಜೋಡಿಸಿದ ಕಾಂಕ್ರೀಟ್ ತಡೆಗೋಡೆ ಮಳೆನೀರಿಗೆ ಅಣೆಕಟ್ಟಾಗುತ್ತದೆ. ಬುಡದಲ್ಲಿ ಕಿಂಡಿ ಇಲ್ಲದಿದ್ದರೆ, ಇದ್ದರೂ ಕಿಂಡಿಗೆ ಮಣ್ಣು ತುಂಬಿಕೊಂಡಿದ್ದರೆ, ಒಂದು ಲೇನು ನೀರಿನಡಿ. ಹಳೇ ಬಿಳಿಗೆರೆಯನ್ನು ಕಪ್ಪು ಬಣ್ಣ ಬಳಿದು ಮುಚ್ಚಿದರೆ ಮಳೆಯ ರಾತ್ರಿಯಲ್ಲಿ ಹೊಸದಕ್ಕಿಂತ ಅದೇ ಹೆಚ್ಚು ಹೊಳೆಯುತ್ತದೆ, ಚಾಲಕ ಅದನ್ನೇ ಹಿಡಿದು ಗೋಡೆಗೆ ಬರುತ್ತಾನೆ. ಅದನ್ನು ಕೆರೆದು ತೆಗೆಯಬೇಕು. ನಡೆದು ಹೋಗುವವರಿಗೆ 400 ಮೀಟರ್ ಸುತ್ತು ಹಾಕಿಸಿದರೆ ಅವರು ಬ್ಯಾರಿಕೇಡು ಸರಿಸಿ ನಡುವೆ ದಾಟುತ್ತಾರೆ. ಬ್ಯಾರಿಕೇಡು ಪದೇ ಪದೇ ಕಿತ್ತಿರುವ ಜಾಗ ಯಾವುದೆಂದು ನೋಡಿದರೆ ದಾಟುವ ಹಾದಿ ಎಲ್ಲಿ ಕೊಡಬೇಕಿತ್ತು ಎಂಬುದು ತಾನೇ ತಿಳಿಯುತ್ತದೆ.

ಮುಚ್ಚಿದ ಲೇನಿಗೆ ಬೆಲೆ ಕಟ್ಟದಿದ್ದರೆ ಅದನ್ನು ತೆರೆಯುವ ಆತುರ ಯಾರಿಗೂ ಇರುವುದಿಲ್ಲ. ಕೆಲವು ದೇಶಗಳ ಕರಾರಿನಲ್ಲಿ ಗುತ್ತಿಗೆದಾರ ಲೇನನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬೇಕು. ಜನಸಂದಣಿಯ ಹೊತ್ತಿಗೆ ಬಾಡಿಗೆ ಹಲವು ಪಟ್ಟು. 2007ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬಳಿಯ ಮ್ಯಾಕ್‌ಆರ್ಥರ್ ಮೇಜ್ ಇಂಟರ್‌ಚೇಂಜಿನಲ್ಲಿ ಪೆಟ್ರೋಲ್ ಟ್ಯಾಂಕರ್ ಹೊತ್ತಿ ಉರಿದು ಮೇಲಿನ ರ್ಯಾಂಪು ಕೆಳಗಿನದರ ಮೇಲೆ ಕುಸಿಯಿತು. ಅವಧಿಗಿಂತ ಎಷ್ಟು ದಿನ ಮುಂಚೆ ಮುಗಿಸಿದರೆ ಅಷ್ಟು ದಿನಕ್ಕೆ ತಲಾ 2 ಲಕ್ಷ ಡಾಲರ್, ಗರಿಷ್ಠ 50 ಲಕ್ಷ ಡಾಲರ್ ಬಹುಮಾನ ಎಂದು ಕರಾರಾಯಿತು. ಗೆದ್ದವನು ಕೆಲಸಕ್ಕೆ ನಮೂದಿಸಿದ ಮೊತ್ತ 9 ಲಕ್ಷ ಡಾಲರಿಗೂ ಕಡಿಮೆ, ಅವನ ಕಣ್ಣಿದ್ದದ್ದು ಬಹುಮಾನದ ಮೇಲೆ. ಮೇ 24ಕ್ಕೆ ರಸ್ತೆ ತೆರೆಯಿತು. ಕಂಬಗಳು ಇದ್ದವು, ಜಮೀನಿನ ತಕರಾರಿರಲಿಲ್ಲ ಎನ್ನುವುದು ನಿಜ. ಆದರೂ ಹಣ ಸರಿಯಾದ ದಿಕ್ಕಿಗೆ ಎಳೆದರೆ ಏನಾಗುತ್ತದೆ ಎಂಬುದು ಅಲ್ಲಿ ಕಂಡಿತು.

ಮೇಲಿನ ಕೆಲಸ

ನೇರ ಭಾಗಕ್ಕೆ ಅಂಗಳದಲ್ಲಿ ಎರಕ ಹೊಯ್ದು ತಂದ ಗರ್ಡರು ಅಗ್ಗ. 30 ಮೀಟರಿನದು 50 ಟನ್ನಿಗಿಂತ ಹೆಚ್ಚು ತೂಗುತ್ತದೆ. ಎರಡು ಕ್ರೇನುಗಳು ರಾತ್ರಿ ನಾಲ್ಕು ಗಂಟೆಗಳ ಬಿಡುವಿನಲ್ಲಿ ಎರಡೋ ಮೂರೋ ಇಡಬಲ್ಲವು. ಎರಡು ಮೀಟರ್ ಎತ್ತರ, ಬುಡದಲ್ಲಿ ಮುಕ್ಕಾಲು ಮೀಟರ್ ಕೂಡ ಅಗಲವಿಲ್ಲದ ವಸ್ತು ಕಂಬದ ತಲೆಯಲ್ಲಿರುವ ರಬ್ಬರ್ ಮೆತ್ತೆಯ ಮೇಲೆ, ಅಂದರೆ ಬೇರಿಂಗಿನ ಮೇಲೆ, ಕೂತಿರುತ್ತದೆ. ಪಕ್ಕದ ಗರ್ಡರಿಗೆ ಉಕ್ಕಿನ ಕಟ್ಟು ಬಿಗಿಯುವ ಮೊದಲು ಕ್ರೇನಿನ ಕೊಕ್ಕೆ ಬಿಚ್ಚಬಾರದು. ಬೆಳಗಿನ ಜಾವ ರಸ್ತೆ ತೆರೆಯುವ ಒತ್ತಡದಲ್ಲಿ ಈ ಕಟ್ಟು ‘ನಾಳೆ’ಗೆ ಹೋಗುತ್ತದೆ, ಗರ್ಡರುಗಳು ಸಾಲಾಗಿ ಮಗುಚುವುದು ಹೀಗೆ.

ಬಾಗಿದ ರ್ಯಾಂಪಿಗೆ ನೇರ ಗರ್ಡರು ಒಗ್ಗುವುದಿಲ್ಲ. 60 ಮೀಟರ್ ತ್ರಿಜ್ಯದ ತಿರುವಿನಲ್ಲಿ 30 ಮೀಟರಿನ ನೇರ ತೊಲೆ ಇಟ್ಟರೆ ನಡುವಿನಲ್ಲಿ ರಸ್ತೆ ಅದರಿಂದ 1.9 ಮೀಟರ್ ಆಚೆ ಬಾಗಿರುತ್ತದೆ. ಅಂಕಣವನ್ನು 20 ಮೀಟರಿಗೆ ಇಳಿಸಿದರೆ ಈ ವ್ಯತ್ಯಾಸ 0.8 ಮೀಟರು, ಆದರೆ ಕಂಬಗಳು ಹೆಚ್ಚುತ್ತವೆ, ಪ್ರತಿ ಕಂಬಕ್ಕೂ ನೆಲದಡಿಯ ಊರಿನ ಜೊತೆ ಮತ್ತೆ ಜಗಳ. ಹಾಗಾಗಿ ತಿರುವುಗಳಿಗೆ ಪೆಟ್ಟಿಗೆಯಾಕಾರದ ಉಕ್ಕು ಅಥವಾ ಕಾಂಕ್ರೀಟ್ ಸೆಗ್ಮೆಂಟು. ತಿರುಚುವ ಬಲವನ್ನು ಮುಚ್ಚಿದ ಪೆಟ್ಟಿಗೆಯಷ್ಟು ಚೆನ್ನಾಗಿ ಬೇರೇನೂ ತಡೆಯದು.

ಪೆಟ್ಟಿಗೆ ಗಟ್ಟಿಯಿದ್ದರೂ ಅದು ಕೂತಿರುವ ಜಾಗ ಕಿರಿದಾಗಿದ್ದರೆ? ನೆಲದಲ್ಲಿ ಜಾಗ ಉಳಿಸಲೆಂದು ಒಂಟಿ ಕಂಬದ ಮೇಲೆ ಬೇರಿಂಗುಗಳನ್ನು ಹತ್ತಿರ ಹತ್ತಿರ ಇಟ್ಟ ಸೇತುವೆ ಒಂದೇ ಅಂಚಿಗೆ ಭಾರ ಬಿದ್ದಾಗ ತಕ್ಕಡಿಯಂತೆ ವಾಲುತ್ತದೆ. 2019ರ ಅಕ್ಟೋಬರ್ 10ರಂದು ಚೀನಾದ ವೂಶಿಯಲ್ಲಿ ಮಿತಿಮೀರಿ ಭಾರ ಹೇರಿದ್ದ ಲಾರಿಗಳಡಿ ಮೇಲ್ಸೇತುವೆ ಹಾಗೆಯೇ ಪಕ್ಕಕ್ಕೆ ಮಗುಚಿ ಮೂವರು ಸತ್ತರು. ಡೆಕ್ಕು ಮುರಿದಿರಲಿಲ್ಲ, ಇಡಿಯಾಗಿ ಹೊರಳಿಕೊಂಡಿತ್ತು. ಹೊರ ಅಂಚಿನಲ್ಲಿ ಲಾರಿಗಳ ಸಾಲು ಕೆಟ್ಟು ನಿಂತಾಗ ಒಳಗಿನ ಬೇರಿಂಗ್ ಮೇಲೇಳುತ್ತದೆಯೇ ಎಂಬುದು ನೋಡಲೇಬೇಕಾದ ಲೆಕ್ಕ. ಭೂಕಂಪದ ನಾಡಿನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ: ಏರುವ ರ್ಯಾಂಪಿನಲ್ಲಿ ಬುಡದ ಕಂಬ ಗಿಡ್ಡ, ಮೇಲಿನದು ಉದ್ದ, ಗಿಡ್ಡದ್ದು ಬಾಗದೆ ಬಲವನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡು ಒಡೆಯುತ್ತದೆ. ಲಾಸ್ ಏಂಜಲಿಸ್‌ನ ಉತ್ತರಕ್ಕಿರುವ ನ್ಯೂಹಾಲ್ ಪಾಸ್ ಇಂಟರ್‌ಚೇಂಜ್ 1971ರ ಭೂಕಂಪದಲ್ಲಿ ಕುಸಿದಿತ್ತು, 1994ರಲ್ಲಿ ಮತ್ತೆ ಕುಸಿಯಿತು.

ಓಡುವ ವಾಹನಗಳ ಮೇಲೆ ಕೆಲಸ ಮಾಡುವಾಗ ‘ರಸ್ತೆ ಮುಚ್ಚಬೇಡಿ’ ಎಂಬ ಒತ್ತಾಯಕ್ಕೂ ಒಂದು ಎಲ್ಲೆ ಇದೆ. ಮಯಾಮಿಯಲ್ಲಿ 2018ರ ಮಾರ್ಚ್ 15ರಂದು 950 ಟನ್ನಿನ ಪಾದಚಾರಿ ಸೇತುವೆ ಕುಸಿದು ಆರು ಮಂದಿ ಸತ್ತರು. ಬಿರುಕುಗಳು ದಿನಗಳ ಹಿಂದೆಯೇ ಕಂಡಿದ್ದವು, ಅಂದು ಮೇಲೆ ಸರಳುಗಳನ್ನು ಮತ್ತೆ ಬಿಗಿಯುತ್ತಿದ್ದರು, ಕೆಳಗೆ ಸಿಗ್ನಲ್ಲಿಗೆ ಕಾಯುತ್ತ ವಾಹನಗಳು ನಿಂತಿದ್ದವು. ವಿನ್ಯಾಸದ ಲೆಕ್ಕ ತಪ್ಪಿತ್ತು ಎಂದು ತನಿಖೆ ಹೇಳಿತು. ರಸ್ತೆ ಮುಚ್ಚದಿದ್ದುದೂ ತಪ್ಪು ಎಂದಿತು. ಭಾರ ಎತ್ತುವಾಗ, ಕೇಬಲ್ ಎಳೆಯುವಾಗ ಕೆಳಗೆ ಯಾರೂ ಇರಬಾರದು ಎಂಬ ನಿಯಮಕ್ಕೆ ವಿನಾಯಿತಿ ಕೊಡುವ ಅಧಿಕಾರ ಯಾರಿಗೂ ಇರಕೂಡದು.

ತೆರೆದ ಮೇಲೆ

ಬರ್ಮಿಂಗ್‌ಹ್ಯಾಮ್‌ನ ಆ 559 ಕಂಬಗಳಿಗೆ ಕಾಡಿದ್ದು ವಾಹನಗಳ ಭಾರಕ್ಕಿಂತ ಹೆಚ್ಚಾಗಿ ಉಪ್ಪು. ಚಳಿಗಾಲದಲ್ಲಿ ಹಿಮ ಕರಗಿಸಲು ಚೆಲ್ಲಿದ ಉಪ್ಪುನೀರು ಡೆಕ್ಕುಗಳ ಸಂಧಿಗಳಲ್ಲಿ ಸೋರಿ ಅಡ್ಡತೊಲೆಯ ತಲೆಯ ಮೇಲೆ ನಿಂತು ಒಳಗಿನ ಸರಳನ್ನು ತಿಂದಿತು. ತೊಲೆಗಳಿಗೆ ಸಣ್ಣ ವಿದ್ಯುತ್ ಹರಿಸಿ ತುಕ್ಕು ತಡೆಯುವ ವ್ಯವಸ್ಥೆ ಮಾಡಬೇಕಾಯಿತು. ಹಿಮವಿಲ್ಲದ ಊರಲ್ಲೂ ಸಂಧಿ ಸೋರುತ್ತದೆ. ಡೆಕ್ಕಿನ ಮಳೆನೀರನ್ನು ಕೆಳಗಿಳಿಸುವ ಕೊಳವೆ 100 ಮಿ.ಮೀ. ಇದ್ದರೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿಕೊಳ್ಳುತ್ತದೆ. 150 ಇರಲಿ, ಬಾಗು ಕಡಿಮೆ ಇರಲಿ, ಕೈ ಹಾಕಿ ತೆಗೆಯಲು ಬಾಗಿಲು ಇರಲಿ.

ಸೇತುವೆಯಡಿಯ ಖಾಲಿ ಜಾಗವನ್ನು ಗೋದಾಮು ಮಾಡುವ ಚಾಳಿ ಎಲ್ಲ ದೇಶಗಳಲ್ಲೂ ಇದೆ. ಅಟ್ಲಾಂಟಾದಲ್ಲಿ 2017ರ ಮಾರ್ಚ್ 30ರಂದು ಹೆದ್ದಾರಿಯ ಕೆಳಗೆ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಕೊಳವೆಗಳಿಗೆ ಬೆಂಕಿ ಬಿದ್ದು ಮೇಲಿನ ಅಂಕಣ ಉದುರಿತು. ದುರಸ್ತಿಗೆ ಆರು ವಾರ ಹಿಡಿಯಿತು.

ಇನ್ನು ಬೇರಿಂಗು. ಸೇತುವೆಗೆ 100 ವರ್ಷ ಎಂದು ಬರೆದರೂ ಬೇರಿಂಗು ಅಷ್ಟು ಬಾಳದು, ನಡುವೆ ಬದಲಿಸಲೇಬೇಕು. ಡೆಕ್ಕನ್ನು ಎತ್ತಬೇಕಾದದ್ದು ಬರೀ 5–10 ಮಿ.ಮೀ. ಕಂಬದ ತಲೆಗೂ ಗರ್ಡರಿನ ತಳಕ್ಕೂ ನಡುವೆ 300–400 ಮಿ.ಮೀ. ತೆರಪು, ಬೇರಿಂಗಿನ ಪಕ್ಕದಲ್ಲೇ ಜಾಕು ಕೂರಲು ಹೆಚ್ಚುವರಿ ಸರಳು ಹಾಕಿದ ಒಂದು ಗುರುತಿನ ಜಾಗ, ಇಷ್ಟನ್ನು ವಿನ್ಯಾಸದಲ್ಲೇ ಬಿಟ್ಟಿದ್ದರೆ ನಾಲ್ಕು ಜನ ಒಂದು ರಾತ್ರಿಯಲ್ಲಿ ಕೆಲಸ ಮುಗಿಸುತ್ತಾರೆ. ಬಿಡದಿದ್ದರೆ ಕೆಳಗಿನ ರಸ್ತೆಯ ಎರಡು ಲೇನು ಮುಚ್ಚಿ, ನೆಲದಿಂದ 24 ಮೀಟರ್ ಎತ್ತರದ ಉಕ್ಕಿನ ಗೋಪುರ ಎಬ್ಬಿಸಿ, ಅದರ ಮೇಲೆ ಜಾಕು ಇಟ್ಟು ರ್ಯಾಂಪು ಎತ್ತಬೇಕು. ಅದಕ್ಕೆ ಮತ್ತೆ ಹೊಸ ನಕ್ಷೆಗಳ ಕಟ್ಟು: ಹಂತ 1, ಹಂತ 1ಎ, ಹಂತ 2.